ಪಕ್ಕದ ಸೀಟಿನಲ್ಲಿ ಕೂತು ‘ಬೇಡ ಸರ್’ ಅನ್ನೋದನ್ನು ಕಲಿಯೋದು ಹೇಗೆ?

ಗಾಳಿಪಟ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯವಳು. ಬೇರೆ ರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕಲಿಯುತ್ತಿದ್ದೇನೆ. ಬೇಕಾಗಿರುವ 200 ಗಂಟೆಯಲ್ಲಿ 143 ಮುಗಿದಿದೆ. ಒಂದು ವಿಷಯ ನಾಲ್ಕು ದಿನದಿಂದ ತಲೆ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ ಹೆದರಿಕೊಳ್ಳುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವಾರ ಕ್ರಾಸ್ ಕಂಟ್ರಿ ಮುಗಿಸಿ ವಾಪಸ್ ಬರುತ್ತಿದ್ದೆವು. ಸೆಸ್ನಾ 172. ಪಕ್ಕದಲ್ಲಿ ನಮ್ಮ ಸೀನಿಯರ್ ಇನ್‌ಸ್ಟ್ರಕ್ಟರ್. ತಡವಾಗಿತ್ತು. ಅದೇ ವಿಮಾನಕ್ಕಾಗಿ ಇನ್ನೊಬ್ಬ ಹುಡುಗ ಕೆಳಗೆ ಕಾಯುತ್ತಿದ್ದ. ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇ ಪಕ್ಕದಲ್ಲಿ ಎದುರು ದಿಕ್ಕಿಗೆ ಹಾರುವಾಗ, ಸರ್ ಕಂಟ್ರೋಲ್ ತಗೊಂಡರು. ಬೇಗ ತಿರುಗಿಸಿದರು. ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಬಂದಾಗ, ಎತ್ತರ ಸರಿಯಿದೆಯಾ ಅಂತ ತೋರಿಸುವ ಪಾಪಿ ದೀಪ ನಾಲ್ಕೂ ಬಿಳಿ. ಅಂದರೆ ನಾವು ತುಂಬಾ ಮೇಲಿದ್ದೆವು. ಸ್ಪೀಡ್ 65 ನಾಟ್ಸ್ ಇರಬೇಕಾದ ಕಡೆ 82 ಇತ್ತು.

ನಾನು ಹಾರಿಸುತ್ತಿದ್ದರೆ ಖಂಡಿತ ಗೋ ಅರೌಂಡ್ ಮಾಡುತ್ತಿದ್ದೆ, ಅಂದರೆ ಇಳಿಯದೆ ಮೇಲೇರಿ ಇನ್ನೊಂದು ಸುತ್ತು ಬರುತ್ತಿದ್ದೆ. ಹಾಗೆ ಮಾಡಬೇಕು ಅಂತ ಹೇಳಿಕೊಟ್ಟಿದ್ದೇ ಅವರು. ಆದರೆ ಆವತ್ತು ನನ್ನ ಬಾಯಿ ತೆರೆಯಲಿಲ್ಲ. ‘ಸರ್’ ಅಂದೆ. ಅದೂ ಹೆಡ್‌ಸೆಟ್‌ನಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ರನ್‌ವೇ ಅರ್ಧ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಗಟ್ಟಿಯಾಗಿ ಬ್ರೇಕ್ ಹಿಡಿದು ಕೊನೆಯ ಟ್ಯಾಕ್ಸಿವೇ ಹತ್ತಿರ ನಿಂತೆವು. ಏನೂ ಆಗಲಿಲ್ಲ. ಅವರೂ ಅದರ ಬಗ್ಗೆ ಮಾತಾಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ತಪ್ಪು ಕಣ್ಣಿಗೆ ಕಾಣುತ್ತಿತ್ತು. ಅದು ತಪ್ಪು ಅಂತ ಗೊತ್ತಿತ್ತು. ಏನು ಮಾಡಬೇಕು ಅಂತಲೂ ಗೊತ್ತಿತ್ತು. ಆದರೂ ಹೇಳಲಿಲ್ಲ. ಇದನ್ನು ಸರಿಮಾಡಿಕೊಳ್ಳೋದು ಹೇಗೆ?

ರೆಕ್ಕೆ_ಬಿಚ್ಚಿ:

ನೀವು ಹೇಳಿದ ಅಂಕಿಗಳು ಆವತ್ತೇ ಬರೆದಿಟ್ಟುಕೊಂಡಿದ್ದಾ, ಆಮೇಲೆ ನೆನಪಿಸಿಕೊಂಡಿದ್ದಾ? ನಾನೂ ಸ್ಟೂಡೆಂಟ್, 60 ಗಂಟೆ ಆಗಿದೆ. ನಮ್ಮಲ್ಲಿ ಒಬ್ಬ ಇದೇ ರೀತಿ ಮಾತಾಡಿದ್ದಕ್ಕೆ ‘ನನಗೇ ಪಾಠ ಹೇಳ್ತೀಯಾ’ ಅಂತ ಬೈಸಿಕೊಂಡ. ಆಮೇಲೆ ಎರಡು ವಾರ ಅವನಿಗೆ ಸಾರ್ಟಿ (ಹಾರಾಟದ ಸರದಿ) ಸಿಗಲಿಲ್ಲ. ಅದಕ್ಕೇ ನಾವೆಲ್ಲ ಸುಮ್ನೆ ಇರ್ತೀವಿ.

ಗಾಳಿಪಟ_ಹಾಸನ:

ಇಳಿದ ತಕ್ಷಣ ಮೊಣಕಾಲ ಮೇಲಿನ ಪ್ಯಾಡ್‌ನಲ್ಲಿ ಬರೆದುಕೊಂಡೆ. ಕೈ ನಡುಗುತ್ತಿತ್ತು, ಆದರೂ ಬರೆದೆ.

ಕುಡ್ಲದ_ಕ್ಯಾಪ್ಟನ್:

ಮಗಳೇ, ಬರೆದುಕೊಂಡಿದ್ದು ಒಳ್ಳೆಯದಾಯಿತು. ನಾನು ನಿವೃತ್ತ ಪೈಲಟ್. ಮಂಗಳೂರಿನವನು. ಇಲ್ಲಿಯ ಬಜ್ಪೆ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಎಷ್ಟು ಸಲ ಇಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ನಿನ್ನ ಪ್ರಶ್ನೆ ಓದಿದಾಗ ಮೊದಲು ನೆನಪಾಗಿದ್ದು 2010ರ ಮೇ 22. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ಬೋಯಿಂಗ್ 737-800. ಬೆಳಗ್ಗೆ 6 ಗಂಟೆ ದಾಟಿತ್ತು. ಒಳಗೆ 166 ಜನ. ಬದುಕಿದ್ದು 8 ಜನ. ವಿಮಾನದಲ್ಲಿ ಯಾವ ದೋಷವೂ ಇರಲಿಲ್ಲ. ಗಾಳಿ ಶಾಂತವಾಗಿತ್ತು. ರನ್‌ವೇ ಕಾಣುತ್ತಿತ್ತು.

ಆದರೆ ವಿಮಾನ ತುಂಬಾ ಮೇಲಿತ್ತು, ತುಂಬಾ ವೇಗದಲ್ಲಿತ್ತು. ರನ್‌ವೇ ಅಂಚು ದಾಟುವಾಗ 50 ಅಡಿ ಇರಬೇಕು. ಅವರು ಸುಮಾರು 200 ಅಡಿ ಎತ್ತರದಲ್ಲಿದ್ದರು. ರನ್‌ವೇ ಉದ್ದ 8033 ಅಡಿ. ಚಕ್ರ ತಾಗಿದ್ದು 5200 ಅಡಿಯ ಹತ್ತಿರ. ನಿನ್ನ ಸೆಸ್ನಾದ ಕಥೆಯೂ ಇದೇ ಅಲ್ವಾ? ನಿನಗೆ ಮುಂದೆ ಜಾಗ ಉಳಿದಿತ್ತು. ಬಜ್ಪೆಯದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್. ಮುಂದೆ ಕೆಂಜಾರಿನ ಕಣಿವೆ.

ಕೋ-ಪೈಲಟ್ ಸುಮ್ಮನಿರಲಿಲ್ಲ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ವಿಚಾರಣೆಯ ವರದಿಯಲ್ಲಿ ಇದು ಸ್ಪಷ್ಟವಾಗಿದೆ. ಗೋ ಅರೌಂಡ್ ಅಂತ ಮೂರು ಸಲ ಹೇಳಿದ್ದರು. ನೆಲ ಹತ್ತಿರ ಬಂತು, ಮೇಲೇಳು ಅಂತ ವಿಮಾನದ ಯಂತ್ರವೂ ಮತ್ತೆ ಮತ್ತೆ ಕೂಗುತ್ತಿತ್ತು. ಕ್ಯಾಪ್ಟನ್ ಬಿಡಲಿಲ್ಲ. ಇಳಿದರು. ವೇಗ ತಗ್ಗಿಸಲು ಎಂಜಿನ್ ರಿವರ್ಸ್ ಹಾಕಿದರು. ಆಮೇಲೆ ಮನಸ್ಸು ಬದಲಿಸಿ ಮೇಲೇಳಲು ನೋಡಿದರು. ಅಷ್ಟರಲ್ಲಿ ರನ್‌ವೇ ಮುಗಿದಿತ್ತು.

ನಮ್ಮಂಥವರನ್ನು ತುಂಬಾ ಕಾಡುವ ಸಾಲು ಆ ವರದಿಯಲ್ಲಿ ಇನ್ನೊಂದಿದೆ. ಚಕ್ರ ತಾಗಿದ ಮೇಲೂ, ರಿವರ್ಸ್ ಜೊತೆಗೆ ಪೂರ್ತಿ ಬ್ರೇಕ್ ಹಿಡಿದಿದ್ದರೆ ವಿಮಾನ ಕಾಂಕ್ರೀಟ್ ಮೇಲೇ ನಿಲ್ಲುತ್ತಿತ್ತಂತೆ.

ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗೂ ಜಾಸ್ತಿ ಅನುಭವ. ಕೋ-ಪೈಲಟ್ ಕೂಡ ಹೊಸಬರಲ್ಲ, ಆ ರನ್‌ವೇಗೆ ಕ್ಯಾಪ್ಟನ್‌ಗಿಂತ ಜಾಸ್ತಿ ಸಲ ಬಂದಿದ್ದವರು. ಅಂಥವರ ಮಾತೇ ನಡೆಯಲಿಲ್ಲ. ಹಾಗಾಗಿ 143 ಗಂಟೆಯ ನಿನಗೆ ಬಾಯಿ ಬರಲಿಲ್ಲ ಅಂದರೆ ಅದನ್ನು ನಿನ್ನೊಬ್ಬಳ ಕೊರತೆ ಅಂತ ತಿಳಿಯಬೇಡ. ಇದನ್ನು ಯಾರಾದರೂ ಕಲಿಸಬೇಕು. ಕೈ ಹಿಡಿದು, ಬಾಯಿ ಬಿಡಿಸಿ ಕಲಿಸಬೇಕು.

ಫಲ್ಗುಣಿ_ತೀರ:

ನಮ್ಮ ಮನೆಯವರೊಬ್ಬರು ಆ ವಿಮಾನದಲ್ಲಿದ್ದರು. ಹೆಸರು ಬರೆಯುವುದಿಲ್ಲ. ಮೂರು ವರ್ಷದ ಮೇಲೆ ಊರಿಗೆ ಬರುತ್ತಿದ್ದರು. ತಣ್ಣೀರುಬಾವಿಯ ಸ್ಮಾರಕಕ್ಕೆ ಪ್ರತಿ ಮೇನಲ್ಲಿ ಹೋಗುತ್ತೇವೆ.

ಇಷ್ಟು ವರ್ಷವೂ ನನಗೆ ಒಂದೇ ಪ್ರಶ್ನೆ. ಕೇಳುವುದು ತಪ್ಪಾದರೆ ಕ್ಷಮಿಸಿ. ಮೂರು ಸಲ ಬೇಡ ಅಂದವರು ನಾಲ್ಕನೇ ಸಲ ಕೈ ಯಾಕೆ ಹಾಕಲಿಲ್ಲ? ಅವರ ಮುಂದೆಯೂ ಅದೇ ಸ್ಟಿಯರಿಂಗ್ ಇರುತ್ತದಲ್ಲ?

ಕುಡ್ಲದ_ಕ್ಯಾಪ್ಟನ್:

ತಪ್ಪೇನಿಲ್ಲ ಅಮ್ಮಾ. ನೀವು ಕೇಳಲೇಬೇಕಾದ ಪ್ರಶ್ನೆ.

ಹೌದು, ಎರಡೂ ಕಡೆ ಕಂಟ್ರೋಲ್ ಇರುತ್ತದೆ. ವಿಚಾರಣೆಯವರೂ ಇದನ್ನು ನೋಡಿದರು. ಕೋ-ಪೈಲಟ್ ಯಾವಾಗ ವಿಮಾನವನ್ನು ತನ್ನ ಕೈಗೆ ತಗೊಂಡು ಗೋ ಅರೌಂಡ್ ಮಾಡಬಹುದು ಅನ್ನುವ ಬಗ್ಗೆ ಸೂಚನೆಗಳು ಗೊಂದಲವಾಗಿದ್ದವು, ಬಹುಶಃ ಅದಕ್ಕೇ ಅವರು ಹೇಳುತ್ತಾ ಹೋದರು, ಆದರೆ ಕೈ ಹಾಕಲಿಲ್ಲ ಅಂತ ಬರೆದಿದ್ದಾರೆ. ಇನ್ನೊಂದು ವಿಷಯ. ಮಂಗಳೂರಿನಂಥ ಕಷ್ಟದ ರನ್‌ವೇಗಳಲ್ಲಿ ಏರುವುದು, ಇಳಿಯುವುದು ಕ್ಯಾಪ್ಟನ್ ಮಾತ್ರ ಮಾಡಬೇಕು ಅಂತ ನಿಯಮ. ಕಾರಣ ಸರಿಯಾದದ್ದೇ. ಆದರೆ ಕೋ-ಪೈಲಟ್ ಜಾಗದಿಂದ ಯೋಚಿಸಿ. ಎಷ್ಟೋ ಸಲ ಬಂದಿದ್ದೀರಿ, ಒಂದು ಸಲವೂ ನಿಮ್ಮ ಕೈಯಲ್ಲಿ ಆ ರನ್‌ವೇ ಬಂದಿಲ್ಲ. ಕೊನೆಯ 30 ಸೆಕೆಂಡಿನಲ್ಲಿ, ಇನ್ನೊಬ್ಬರು ಹಿಡಿದಿರುವಾಗ, ಅದನ್ನು ಕಿತ್ತುಕೊಳ್ಳಬೇಕು. ಬಾಯಲ್ಲಿ ಹೇಳಿಕೊಟ್ಟರೆ ಇದು ಬರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಹತ್ತು ಸಲ ಮಾಡಿಸಿದರೆ ಮಾತ್ರ ಬರುತ್ತದೆ.

ನಾನು ಅವರನ್ನು ದೂರುವುದಿಲ್ಲ. ಆ ಸೀಟಿನಲ್ಲಿ ನಾನೂ ವರ್ಷಗಟ್ಟಲೆ ಕೂತಿದ್ದೇನೆ.

ಫಲ್ಗುಣಿ_ತೀರ:

ಹೇಳಿದ್ದಕ್ಕೆ ಋಣಿ. ಮನೆಯಲ್ಲಿ ಅಮ್ಮನಿಗೆ ಓದಿ ಹೇಳುತ್ತೇನೆ.

ನೇರನುಡಿ_ನಂಜನಗೂಡು:

ಇದೆಲ್ಲ ನಮ್ಮ ದೇಶದ ರೋಗ. ಚಿಕ್ಕವರಿದ್ದಾಗಿಂದ ದೊಡ್ಡವರಿಗೆ ಎದುರಾಡಬೇಡ ಅಂತ ಬೆಳೆಸುತ್ತೇವೆ. ಗುರುವಿಗೇ ತಿರುಮಂತ್ರವಾ ಅಂತ ಗಾದೆ ಬೇರೆ ಇದೆ. ಕಾಲಿಗೆ ಬೀಳೋದು ಕಲಿಸಿ, ಆಮೇಲೆ ಕಾಕ್‌ಪಿಟ್‌ನಲ್ಲಿ ಎದುರು ಮಾತಾಡು ಅಂದರೆ ಎಲ್ಲಿಂದ ಬರಬೇಕು? ಯುರೋಪ್, ಅಮೆರಿಕದಲ್ಲಿ ಈ ಸಮಸ್ಯೆ ಇಲ್ಲ.

ಕಾಲುವೆ_ಊರು:

ನಾನು ನೆದರ್ಲೆಂಡ್ಸ್‌ನಲ್ಲಿ 11 ವರ್ಷದಿಂದ ಇದ್ದೇನೆ, ಶಿವಮೊಗ್ಗದವನು. ಇಲ್ಲಿಯವರಷ್ಟು ಮುಖಕ್ಕೆ ಹೊಡೆದಂತೆ ಮಾತಾಡುವ ಜನ ನಾನು ನೋಡಿಲ್ಲ. ಆಫೀಸಿಗೆ ಹೊಸದಾಗಿ ಬಂದವನು ಕೂಡ ಬಾಸ್‌ಗೆ ‘ಇದು ಸರಿಯಿಲ್ಲ’ ಅನ್ನುತ್ತಾನೆ. ಆದರೂ ವಿಮಾನಯಾನದ ಚರಿತ್ರೆಯ ಅತಿ ದೊಡ್ಡ ಅಪಘಾತದಲ್ಲಿ ಸುಮ್ಮನಾಗಿದ್ದು ಇಲ್ಲಿಯವರೇ.

1977ರ ಮಾರ್ಚ್ 27, ಟೆನೆರಿಫೆ ದ್ವೀಪ. ದಟ್ಟ ಮಂಜು. ಕೆಎಲ್‌ಎಂ ಕಂಪನಿಯ 747 ಓಡಲು ಶುರುಮಾಡಿತು. ಪ್ಯಾನ್ ಆಮ್‌ನ 747 ಇನ್ನೂ ಅದೇ ರನ್‌ವೇ ಮೇಲಿತ್ತು. ಸತ್ತವರು 583 ಜನ. ಕೆಎಲ್‌ಎಂ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಜೋರಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಆ ಕ್ಯಾಪ್ಟನ್ ಯಾರು ಗೊತ್ತಾ? ಕಂಪನಿಯ 747 ಟ್ರೇನಿಂಗ್‌ನ ಮುಖ್ಯಸ್ಥರು, ಯಾಕೋಬ್ ಫೆಲ್ಡ್‌ಹೌಜೆನ್ ಫಾನ್ ಜಾಂಟೆನ್. ಪಕ್ಕದ ಕೋ-ಪೈಲಟ್‌ಗೆ 747 ಪರೀಕ್ಷೆ ತಗೊಂಡಿದ್ದೂ ಅವರೇ.

ಇನ್ನೊಂದು ವಿಷಯವನ್ನೂ ತನಿಖೆಯವರು ಗಮನಿಸಿದ್ದರು. ಸಿಮ್ಯುಲೇಟರ್‌ನಲ್ಲಿ ಟ್ರೇನರ್ ತಾನೇ ಟವರ್ ಆಗಿರುತ್ತಾರೆ. ಹೊರಡು ಅಂತ ತಾನೇ ಅನುಮತಿ ಕೊಡುತ್ತಾರೆ. ವರ್ಷಗಟ್ಟಲೆ ಹೀಗೆ ಇದ್ದವರು ನಿಜವಾದ ರನ್‌ವೇಗೆ ಬಂದಾಗ, ಇನ್ನೊಬ್ಬರ ಅನುಮತಿಗೆ ಕಾಯುವ ಅಭ್ಯಾಸವೇ ಸಡಿಲವಾಗಿರಬಹುದು. ಟ್ರೇನರ್ ಆಗಿರುವವರು ಇದನ್ನು ಯೋಚಿಸಬೇಕು.

ನಂಜನಗೂಡಿನವರೇ, ನಮ್ಮಲ್ಲಿ ಈ ರೋಗ ಇಲ್ಲ ಅನ್ನುತ್ತಿಲ್ಲ. ನಮ್ಮಲ್ಲಿ ಮಾತ್ರ ಇದೆ ಅನ್ನೋದನ್ನು ಒಪ್ಪಲ್ಲ.

ನೇರನುಡಿ_ನಂಜನಗೂಡು:

ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ.

ಕುಡ್ಲದ_ಕ್ಯಾಪ್ಟನ್:

ಅಮೆರಿಕದ್ದೂ ಹೇಳಿಬಿಡುತ್ತೇನೆ. 1978ರ ಡಿಸೆಂಬರ್ 28, ಪೋರ್ಟ್‌ಲೆಂಡ್. ಯುನೈಟೆಡ್ 173. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಅಂತ ಅನುಮಾನ. ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹೊಡೆಸಿದರು. ಉಳಿದಿಬ್ಬರು ಇಂಧನದ ಮಾತು ಎತ್ತುತ್ತಿದ್ದರು, ಆದರೆ ಸುಳಿವು ಕೊಟ್ಟ ಹಾಗೆ. ಇಂಧನ ಖಾಲಿಯಾಗಿ ವಿಮಾನ ಊರಿನ ಮೇಲೆ ಬಿತ್ತು. 10 ಜನ ಹೋದರು. ಇದಾದ ಮೇಲೆಯೇ ನಾಸಾ 1979ರಲ್ಲಿ ಕಾರ್ಯಾಗಾರ ಮಾಡಿದ್ದು. ನಾವೆಲ್ಲ ಈಗ ಸಿಆರ್‌ಎಂ ಅನ್ನುವ ತರಬೇತಿ, ಅಂದರೆ ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಾತಾಡಿ, ಒಬ್ಬರ ಮಾತು ಒಬ್ಬರು ಕೇಳಿ ಕೆಲಸ ಮಾಡೋದನ್ನು ಕಲಿಸುವುದು, ಹುಟ್ಟಿದ್ದು ಅಲ್ಲಿ. ಯುನೈಟೆಡ್ 1981ರಲ್ಲಿ ಶುರುಮಾಡಿತು.

ಅದೇ ಕಂಪನಿಯ 232 ವಿಮಾನ 1989ರಲ್ಲಿ ಎಲ್ಲ ಹೈಡ್ರಾಲಿಕ್, ಅಂದರೆ ವಿಮಾನ ತಿರುಗಿಸುವ ಶಕ್ತಿ, ಕಳೆದುಕೊಂಡಿತು. ಕ್ಯಾಪ್ಟನ್ ಆಲ್ ಹೇನ್ಸ್. ಪ್ರಯಾಣಿಕನಾಗಿ ಬಂದಿದ್ದ ಇನ್ನೊಬ್ಬ ಟ್ರೇನಿಂಗ್ ಪೈಲಟ್‌ನನ್ನು ಒಳಗೆ ಕರೆದು ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿ) ಅವರ ಕೈಗೆ ಕೊಟ್ಟರು. ಎಲ್ಲರ ಮಾತೂ ಕೇಳಿದರು. 296 ಜನರಲ್ಲಿ 184 ಜನ ಉಳಿದರು. ಸಿಆರ್‌ಎಂ ಇಲ್ಲದಿದ್ದರೆ ಆಗುತ್ತಿರಲಿಲ್ಲ ಅಂತ ಅವರು ಆಮೇಲೆ ಊರೂರಿಗೆ ಹೋಗಿ ಹೇಳಿದರು.

ಓಟಿ_ಸಿಸ್ಟರ್_ಬಳ್ಳಾರಿ:

ನಾನು ವಿಮಾನದವಳಲ್ಲ. ಆಪರೇಷನ್ ಥಿಯೇಟರ್ ನರ್ಸ್. ಆದರೆ ಈ ಚರ್ಚೆ ನನ್ನದೇ ಅನ್ನಿಸಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಜರಿಗೆ ಚೆಕ್‌ಲಿಸ್ಟ್ ತಂತು. ಅದರಲ್ಲಿ ಕೊಯ್ಯುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ಮೊದಮೊದಲು ಯಾಕಪ್ಪಾ ಇದು ಅನ್ನಿಸುತ್ತಿತ್ತು. ಆಮೇಲೆ ಅರ್ಥವಾಯಿತು. ಒಂದು ಸಲ ಬಾಯಿ ತೆರೆದವರಿಗೆ ಎರಡನೇ ಸಲ ತೆರೆಯುವುದು ಸುಲಭ. ‘ಸರ್, ಒಂದು ಗಾಜ್ ಬಟ್ಟೆ ಲೆಕ್ಕಕ್ಕೆ ಸಿಗ್ತಿಲ್ಲ’ ಅಂತ ನಾನು ಹೇಳಿದಾಗ ಡಾಕ್ಟರ್ ಹೊಲಿಗೆ ನಿಲ್ಲಿಸುತ್ತಾರೆ. ಬೇಜಾರು ಮಾಡಿಕೊಂಡರೂ ನಿಲ್ಲಿಸುತ್ತಾರೆ. ಸಾಕು ನನಗೆ.

ವಿಮಾನಪುರ_ವೈದ್ಯ:

ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವ ರಸ್ತೆಯಲ್ಲೇ ನನ್ನ ಮನೆ. ನಾನು ಪೈಲಟ್‌ಗಳ ದೇಹ, ಮನಸ್ಸಿನ ವಿಷಯ ಓದಿದವನು. ಮಾತಾಡುವ ಧೈರ್ಯದ ಜೊತೆಗೆ ಇನ್ನೊಂದನ್ನು ಸೇರಿಸಬೇಕು. ಮೆದುಳು ಎಚ್ಚರವಿದ್ದರೆ ತಾನೇ ಮಾತು ಕಿವಿಗೆ ಹೋಗೋದು?

ಮಂಗಳೂರಿನ ವಿಮಾನದ ಧ್ವನಿಮುದ್ರಣ ಸುಮಾರು 2 ಗಂಟೆ 5 ನಿಮಿಷದ್ದು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆಯ ಸದ್ದು ದಾಖಲಾಗಿದೆ. ಅವರನ್ನು ಸೋಮಾರಿ ಅನ್ನುವವರಿದ್ದಾರೆ. ನಾನು ಹಾಗನ್ನುವುದಿಲ್ಲ. ನಸುಕಿನ 2ರಿಂದ 6 ಗಂಟೆಯವರೆಗೆ ನಮ್ಮ ದೇಹ ಅತಿ ಕೆಳಮಟ್ಟದಲ್ಲಿರುತ್ತದೆ. ಮೊದಲೇ ವಿಶ್ರಾಂತಿ ಸಿಕ್ಕಿದ್ದರೂ ಆ ಹೊತ್ತಿಗೆ ಕಣ್ಣು ಎಳೆಯುತ್ತದೆ. ಗಾಢ ನಿದ್ದೆಗೆ ಜಾರಿದವರು ಎದ್ದ ತಕ್ಷಣ ಪೂರ್ತಿ ಎಚ್ಚರವಾಗುವುದಿಲ್ಲ. ಮಂಪರು ಇರುತ್ತದೆ. ಆ ಮಂಪರಿನಲ್ಲಿ ಹೊಸ ಮಾಹಿತಿ ಒಳಗೆ ಇಳಿಯಲ್ಲ. ಮೊದಲು ಹಿಡಿದ ನಿರ್ಧಾರವನ್ನೇ ಮನಸ್ಸು ಬಿಗಿಯಾಗಿ ಹಿಡಿಯುತ್ತದೆ. ‘ಇಳಿಯಬೇಕು’ ಅಂತ ಅಂದುಕೊಂಡಿದ್ದಾರೆ, ಅಷ್ಟೇ. ವಿಚಾರಣಾ ವರದಿಯೂ ಈ ಮಂಪರಿನ ಸಾಧ್ಯತೆಯನ್ನು ಹೇಳಿದೆ.

ಅದಕ್ಕೇ ಅನೇಕ ದೇಶಗಳಲ್ಲಿ ಕಾಕ್‌ಪಿಟ್‌ನಲ್ಲಿ ಮಲಗಲು ಲೆಕ್ಕವಿದೆ. ಸಾಮಾನ್ಯವಾಗಿ 40 ನಿಮಿಷದ ಒಳಗೆ. ಎದ್ದ ಮೇಲೆ ಕೆಲಸಕ್ಕೆ ಕೈ ಹಾಕುವ ಮೊದಲು ಸ್ವಲ್ಪ ಸಮಯ. ಒಂದೂವರೆ ಗಂಟೆ ಮಲಗಿ ನೇರ ಇಳಿಯುವ ಕೆಲಸಕ್ಕೆ ಬರುವುದು ತುಂಬಾ ಅಪಾಯ.

1997ರ ಒಂದು ಅಧ್ಯಯನ ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಕುಡಿದು ಬಂದವರನ್ನು ವಿಮಾನ ಹತ್ತಲು ಬಿಡಲ್ಲ, ಬ್ರೆತ್‌ಲೈಸರ್ ಇದೆ. ನಿದ್ದೆಗೆಟ್ಟು ಬಂದವರನ್ನು ಹಿಡಿಯುವ ಯಂತ್ರ ಇಲ್ಲ. ಅವರೇ ಹೇಳಬೇಕು. ‘ಇವತ್ತು ನನಗೆ ಆಗಲ್ಲ’ ಅನ್ನೋದೂ ಒಂದು ಗೋ ಅರೌಂಡ್ ಅಂತ ನಾನು ಹೇಳುತ್ತೇನೆ.

ಗಲ್ಫ್_ರೋಸ್ಟರ್:

ಡಾಕ್ಟ್ರೇ, ಹೇಳೋದು ಸರಿ. ಹೇಳಿದ ಮೇಲೆ ಏನಾಗುತ್ತದೆ ಅನ್ನೋದು ಮುಖ್ಯ. ನಾನು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ಡ್ಯೂಟಿ ನಿಯಮ ತಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಲ್ಯಾಂಡಿಂಗ್‌ಗಳ ಸಂಖ್ಯೆ 6ರಿಂದ 2ಕ್ಕೆ ಇಳಿಯಿತು. ಆದರೆ ಜಾರಿಗೆ ಬರೋಕೆ 2025ರವರೆಗೆ ಕಾಯಬೇಕಾಯಿತು, ಅದೂ ಎರಡು ಹಂತದಲ್ಲಿ. ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದಾಗ ಕೆಲವು ಭಾಗಕ್ಕೆ ಮತ್ತೆ ತಾತ್ಕಾಲಿಕ ವಿನಾಯಿತಿ ಕೊಟ್ಟರು. ಏರ್‌ಪೋರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡ ಜನರ ಕಷ್ಟ ನನಗೂ ಗೊತ್ತು, ನನ್ನ ಅಕ್ಕನೂ ಇದ್ದಳು. ಆದರೆ ಆ ನಿಯಮ ಬಂದಿದ್ದೇ ಅವರ ಜೀವಕ್ಕೋಸ್ಕರ ಅಂತ ಯಾರಾದರೂ ಅವರಿಗೆ ಹೇಳಬೇಕಿತ್ತು.

ಟವರ್_ಕಿಟಕಿ:

ನಾನು ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದವನು. ನಮ್ಮ ಕಡೆಯದನ್ನೂ ಹೇಳಬೇಕು. ಮಂಗಳೂರಿನ ರಾಡಾರ್ ಆ ದಿನ ಕೆಟ್ಟಿತ್ತು, ಎರಡು ದಿನದಿಂದ. ಹಾಗಾಗಿ ವಿಮಾನಕ್ಕೆ ಎತ್ತರದಿಂದ ಕೆಳಗೆ ಬರಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ತಡವಾಗಿ ಇಳಿಯಲು ಶುರುಮಾಡಿದರೆ ಮೇಲೇ ಉಳಿಯುತ್ತೀರಿ. ಅದನ್ನು ಲೆಕ್ಕ ಹಾಕಿ ಸರಿದೂಗಿಸುವುದು ಪೈಲಟ್ ಕೆಲಸ, ಆದರೂ ಸರಪಳಿಯ ಒಂದು ಕೊಂಡಿ ನೆಲದ ಮೇಲೂ ಇತ್ತು.

ಕೊನೆಗೆ ಟವರ್‌ನಿಂದ ಕೇಳಿದರು, ಇಳಿಯುವ ದಾರಿ ತೋರಿಸುವ ರೇಡಿಯೋ ವ್ಯವಸ್ಥೆಯಾದ ಐಎಲ್‌ಎಸ್‌ ಮೇಲೆ ಸರಿಯಾಗಿ ಬಂದಿದ್ದೀರಾ ಅಂತ. ಹೌದು ಅಂತ ಉತ್ತರ ಬಂತು. ಕಿಟಕಿಯಾಚೆ ಇರುವವರಿಗೆ ಆ ಒಂದು ‘ಹೌದು’ ಬಿಟ್ಟು ಬೇರೆ ಏನೂ ಗೊತ್ತಾಗಲ್ಲ. ಹೊಸ ಪೈಲಟ್‌ಗಳಿಗೆ ನನ್ನ ಕೋರಿಕೆ ಇದು. ಸರಿಯಿಲ್ಲ ಅಂದರೆ ರೇಡಿಯೋದಲ್ಲಿ ಸರಿಯಿಲ್ಲ ಅಂತ ಹೇಳಿ. ಗೋಯಿಂಗ್ ಅರೌಂಡ್ ಅಂದರೆ ನಾವು ಯಾಕೆ ಅಂತ ಜಗಳ ಆಡಲ್ಲ. ದಾರಿ ಬಿಡಿಸಿಕೊಡ್ತೀವಿ.

ರೆಕ್ಕೆ_ಬಿಚ್ಚಿ:

ಒಂದು ಸಂದೇಹ. ಹೀಗೆ ಎಲ್ಲ ಜೂನಿಯರ್‌ಗಳೂ ಕಂಟ್ರೋಲ್ ಕಿತ್ತುಕೊಳ್ಳೋಕೆ ಶುರುಮಾಡಿದರೆ ಅದೂ ಅಪಾಯ ಅಲ್ವಾ? ಇಬ್ಬರೂ ಒಂದೇ ಸಲ ಹಿಡಿದರೆ?

ಗೋಲ್ಫ್_ಕೋರ್ಸ್_ಪಕ್ಕ:

ಅಪಾಯ ಹೌದು. ಯಾರು ಹಾರಿಸುತ್ತಿದ್ದಾರೆ, ಯಾರು ನೋಡುತ್ತಿದ್ದಾರೆ ಅನ್ನೋದು ಕಲಸಿಹೋದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಕಥೆ ಇದೆ. 1990ರ ಫೆಬ್ರವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605. ಎ320, ಬಂದು ಎರಡೇ ತಿಂಗಳಾಗಿದ್ದ ಹೊಸ ವಿಮಾನ. ನಾನು ಆಗ ಆ ಕಡೆ ಕೆಲಸ ಮಾಡುತ್ತಿದ್ದೆ. ಹೊಗೆ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ.

ಆವತ್ತು ಇದ್ದಿದ್ದು ಇಬ್ಬರು ಕ್ಯಾಪ್ಟನ್. ಎಡಗಡೆಯವರಿಗೆ ಪರೀಕ್ಷೆ, ಬಲಗಡೆಯವರು ಪರೀಕ್ಷಕರು. ಅಂದರೆ ಅದೂ ಒಂದು ಟ್ರೇನಿಂಗ್ ಹಾರಾಟವೇ. ಇಳಿಯುವಾಗ ವಿಮಾನ ಎಂಜಿನ್ ಐಡಲ್‌ನಲ್ಲಿಟ್ಟು (ಅತಿ ಕಮ್ಮಿ ಶಕ್ತಿಯಲ್ಲಿ) ಇಳಿಯುವ ಮೋಡ್‌ನಲ್ಲಿತ್ತು. ವೇಗ ಕಮ್ಮಿಯಾಗುತ್ತಾ ಹೋಯಿತು. ವೇಗ ನೋಡಬೇಕಾದ ಹೊತ್ತಿಗೆ ಇಬ್ಬರೂ ನೋಡಲಿಲ್ಲ. ಯಂತ್ರ ನೋಡಿಕೊಳ್ಳುತ್ತದೆ, ಅಥವಾ ಪಕ್ಕದವರು ನೋಡುತ್ತಾರೆ ಅಂತ ಇಬ್ಬರಿಗೂ ಅನ್ನಿಸಿರಬಹುದು. ಗೊತ್ತಾಗಿ ಥ್ರಾಟಲ್ ಮುಂದೆ ತಳ್ಳುವಷ್ಟರಲ್ಲಿ ಎಂಜಿನ್‌ಗೆ ವೇಗ ಹಿಡಿಯಲು ಸಮಯ ಸಾಲಲಿಲ್ಲ. ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗೋಲ್ಫ್ ಕೋರ್ಸ್ ಮೇಲೆ ಬಿತ್ತು. 146 ಜನರಲ್ಲಿ 92 ಜನ ಹೋದರು.

ಇಲ್ಲಿ ಹೆದರಿಕೆಯ ಸಮಸ್ಯೆ ಇರಲಿಲ್ಲ ಅಂತ ನನ್ನ ಅನಿಸಿಕೆ. ಇಬ್ಬರೂ ಹಿರಿಯರು. ಯಾರ ಕೆಲಸ ಯಾವುದು ಅನ್ನೋದೇ ಸ್ಪಷ್ಟ ಇರಲಿಲ್ಲ.

ಕುಡ್ಲದ_ಕ್ಯಾಪ್ಟನ್:

ಈ ಮಾತು ತುಂಬಾ ಮುಖ್ಯ. ರೆಕ್ಕೆಯವರ ಸಂದೇಹಕ್ಕೂ ಇಲ್ಲೇ ಉತ್ತರ. ಯಾರೂ ಥಟ್ ಅಂತ ಕಿತ್ತುಕೊಳ್ಳಬಾರದು. ಮೆಟ್ಟಿಲು ಇದೆ. ಮೊದಲು ಕೇಳು. ಆಮೇಲೆ ಎಚ್ಚರಿಸು. ಆಮೇಲೆ ಏನು ಮಾಡಬೇಕು ಅಂತ ನೇರವಾಗಿ ಹೇಳು. ಆಗಲೂ ಆಗಲಿಲ್ಲ ಅಂದರೆ, ‘ಐ ಹ್ಯಾವ್ ಕಂಟ್ರೋಲ್’ ಅಂತ ಜೋರಾಗಿ ಹೇಳಿ ತಗೊ. ಎರಡು ಸಲ ಹೇಳಿದರೂ ಸರಿಯಾದ ಉತ್ತರ ಬರಲಿಲ್ಲ ಅಂದರೆ ಆ ಪೈಲಟ್‌ಗೆ ಪ್ರಜ್ಞೆ ತಪ್ಪಿದೆ ಅಂತಲೇ ಲೆಕ್ಕ. ಆಗ ಅದು ಅಗೌರವ ಅಲ್ಲ. ಹೃದಯಾಘಾತ ಆದವರ ಕೈಯಿಂದ ಸ್ಟಿಯರಿಂಗ್ ತಗೊಂಡ ಹಾಗೆ.

ಮಂಗಳೂರಿನ ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಮತ್ತೆ ಅದೇ ನಡೆಯಿತು. ಮತ್ತೆ ದುಬೈ, ಮತ್ತೆ 737, ಮತ್ತೆ ಟೇಬಲ್‌ಟಾಪ್. ಮಳೆ, ಹಿಂದಿನಿಂದ ಗಾಳಿ. ಅರ್ಧ ರನ್‌ವೇ ದಾಟಿ ಇಳಿದರು. ಕೋ-ಪೈಲಟ್ ಗೋ ಅರೌಂಡ್ ಹೇಳಿದ್ದರು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು. ಕೋ-ಪೈಲಟ್ ಕಂಟ್ರೋಲ್ ತಗೊಳ್ಳಲಿಲ್ಲ ಅನ್ನುವುದನ್ನು ಆ ವರದಿಯೂ ಬರೆಯಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಭಾಷೆ. ನಮ್ಮ ಬಾಯಲ್ಲಿ ‘ಅನ್ಸುತ್ತೆ’ ತುಂಬಾ ಬರುತ್ತದೆ. ‘ಸರ್, ಸ್ವಲ್ಪ ಮೇಲಿದ್ದೀವಿ ಅನ್ಸುತ್ತೆ.’ ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅದೇ ಮೆತ್ತಗಿನ ದನಿ. ಮಗಳೇ, ಕಾಕ್‌ಪಿಟ್‌ನಲ್ಲಿ ಆ ಪದ ಬಿಡು. ಅಂಕಿ ಹೇಳು. ‘ಸ್ಪೀಡ್ 82.’ ‘ನಾಲ್ಕು ಬಿಳಿ.’ ‘ಗೋ ಅರೌಂಡ್.’ ಅಂಕಿ ಹೇಳಿದರೆ ನೀನು ಅವರ ತಪ್ಪು ಹೇಳಿದ ಹಾಗೆ ಆಗುವುದಿಲ್ಲ, ಮೀಟರ್ ಏನು ಹೇಳುತ್ತಿದೆ ಅಂತ ಓದಿದ ಹಾಗೆ. ಬೇಕಾದರೆ ‘ಸರ್’ ಸೇರಿಸಿಕೋ. ಗೌರವ ಇರಲಿ, ಅಂಕಿಯೂ ಇರಲಿ.

ಬಲಗಡೆ_ಸೀಟು:

ನಾನು ಇನ್‌ಸ್ಟ್ರಕ್ಟರ್, 9 ವರ್ಷದಿಂದ. ಇಷ್ಟು ಹೊತ್ತು ಓದಿದೆ, ಒಳಗೆ ಚುಚ್ಚಿತು. ನಾನೂ ಆ ‘ಸರ್’ನ ಜಾಗದಲ್ಲಿ ಕೂತವನು. ದಿನಕ್ಕೆ ಐದಾರು ಸಾರ್ಟಿ, ಬಿಸಿಲು. ಕೊನೆಯ ಸಾರ್ಟಿಯಲ್ಲಿ ‘ನಾನೇ ಇಳಿಸಿಬಿಡ್ತೀನಿ’ ಅನ್ನಿಸುತ್ತದೆ. ತಪ್ಪು ಆಗುವುದು ಆಗಲೇ.

ಈಗ ನಾನು ಮಾಡುವುದು ಹೇಳುತ್ತೇನೆ. ಬ್ರೀಫಿಂಗ್‌ನಲ್ಲಿ ಹೊಸ ಸ್ಟೂಡೆಂಟ್‌ಗೆ ಹೇಳುತ್ತೇನೆ: ಇವತ್ತು ನಾನು ಒಂದು ತಪ್ಪು ಮಾಡುತ್ತೇನೆ. ಯಾವಾಗ ಅಂತ ಹೇಳಲ್ಲ. ನೀನು ಹಿಡಿಯಬೇಕು. ಎತ್ತರ 100 ಅಡಿ ಬಿಟ್ಟುಕೊಡುತ್ತೇನೆ, ಇಲ್ಲ ಸ್ಪೀಡ್ 10 ನಾಟ್ಸ್ ಜಾಸ್ತಿ ಬಿಡುತ್ತೇನೆ. ಸುರಕ್ಷಿತ ಎತ್ತರದಲ್ಲಿ ಮಾತ್ರ. ಮೊದಲ ಸಲ ಹತ್ತರಲ್ಲಿ ಏಳೆಂಟು ಮಕ್ಕಳು ನೋಡುತ್ತಾರೆ, ಹೇಳಲ್ಲ. ಕಣ್ಣು ಮೀಟರ್ ಮೇಲೆ, ಆಮೇಲೆ ನನ್ನ ಮುಖದ ಮೇಲೆ, ಮತ್ತೆ ಮೀಟರ್ ಮೇಲೆ. ನನಗೆ ಗೊತ್ತಾಗುತ್ತದೆ. ಮೂರನೇ ಸಾರ್ಟಿಗೆ ಬಾಯಿ ಬರುತ್ತದೆ.

ಅವರು ಹೇಳಿದಾಗ ನಾನು ಮೊದಲು ಸರಿಮಾಡುತ್ತೇನೆ. ವಾದ ಇದ್ದರೆ ಕೆಳಗೆ ಬಂದ ಮೇಲೆ. ಒಂದೊಂದು ಸಲ ಸ್ಟೂಡೆಂಟ್ ಹೇಳಿದ್ದೇ ತಪ್ಪಾಗಿರುತ್ತದೆ. ಆಗಲೂ ಗೋ ಅರೌಂಡ್ ಮಾಡುತ್ತೇನೆ. ಒಂದು ಸುತ್ತಿಗೆ ಐದಾರು ನಿಮಿಷ, ಸ್ವಲ್ಪ ಪೆಟ್ರೋಲ್. ಹೋಗಲಿ.

ಗಲ್ಫ್_ರೋಸ್ಟರ್:

ಸರ್, ಇದನ್ನೇ ಏರ್‌ಲೈನ್‌ಗಳೂ ಕಲಿಯಬೇಕಿತ್ತು. ಮಂಗಳೂರಿನ ವರದಿಯಲ್ಲಿ ಇನ್ನೊಂದು ವಿಷಯ ಇದೆ, ಅದರ ಬಗ್ಗೆ ಜನ ಜಾಸ್ತಿ ಮಾತಾಡಲ್ಲ. ವಿಮಾನ ಗಟ್ಟಿಯಾಗಿ ಇಳಿದರೆ ಆಗ ಪೈಲಟ್‌ನ ಕರೆದು ವಿಚಾರಿಸುತ್ತಿದ್ದರು. ಅದರ ಮಿತಿಯನ್ನೂ ಬಿಗಿಯಾಗಿ ಇಟ್ಟಿದ್ದರು. ಹಾಗಾಗಿ ಮೆತ್ತಗೆ ಇಳಿಸಬೇಕು ಅಂತ ಪೈಲಟ್‌ಗಳು ರನ್‌ವೇ ಮೇಲೆ ತೇಲಿಸುತ್ತಿದ್ದರು. ಟೇಬಲ್‌ಟಾಪ್‌ನಲ್ಲಿ ಮೆತ್ತಗಿನ ಲ್ಯಾಂಡಿಂಗ್ ಯಾರಿಗೆ ಬೇಕು? ಸರಿಯಾದ ಜಾಗದಲ್ಲಿ ಧಡ್ ಅಂತ ಇಳಿದರೂ ಪರವಾಗಿಲ್ಲ. ಪ್ರಯಾಣಿಕರೂ ಇದನ್ನು ತಿಳಿದುಕೊಳ್ಳಬೇಕು. ಮಳೆಯಲ್ಲಿ ಗಟ್ಟಿಯಾಗಿ ಇಳಿದ ಪೈಲಟ್‌ಗೆ ದಯವಿಟ್ಟು ಬೈಯಬೇಡಿ.

ಗಾಳಿಪಟ_ಹಾಸನ:

ಎಲ್ಲರಿಗೂ. ಎರಡು ದಿನ ಬರೆಯಲು ಆಗಲಿಲ್ಲ. ಇವತ್ತು ಅದೇ ಸರ್ ಜೊತೆ ಸಾರ್ಟಿ ಇತ್ತು.

ಬ್ರೀಫಿಂಗ್‌ನಲ್ಲಿ ಕೇಳಿದೆ. ‘ಸರ್, ಕಂಟ್ರೋಲ್ ನಿಮ್ಮ ಕೈಯಲ್ಲಿರುವಾಗ ಸ್ಪೀಡ್ ಜಾಸ್ತಿ ಆದರೆ ನಾನು ಯಾವ ಕಾಲ್ ಕೊಡಬೇಕು?’ ಸುಮಾರು ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬೋರ್ಡ್ ಕಡೆ ತಿರುಗಿ ಬರೆದರು: 10 ನಾಟ್ಸ್ ಜಾಸ್ತಿ ಆದರೆ ‘ಸ್ಪೀಡ್’. 300 ಅಡಿಗೆ ಸರಿಯಾಗಿಲ್ಲ ಅಂದರೆ ‘ಗೋ ಅರೌಂಡ್’. ಆವತ್ತಿನ ದಿನದ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತೇನೋ.

ಎರಡನೇ ಸರ್ಕಿಟ್ (ರನ್‌ವೇ ಸುತ್ತಿನ ಹಾರಾಟ) ಅವರು ತೋರಿಸಿಕೊಟ್ಟರು. ಫೈನಲ್‌ನಲ್ಲಿ ಸ್ಪೀಡ್ 76 ಆಯಿತು. ಬೇಕಂತ ಮಾಡಿದ್ದೋ, ಹಾಗೇ ಆಗಿದ್ದೋ, ಗೊತ್ತಿಲ್ಲ. ‘ಸ್ಪೀಡ್ 76, ಸರ್’ ಅಂದೆ. ದನಿ ಸ್ವಲ್ಪ ಜೋರಾಯಿತು. ಅವರು ‘ಚೆಕ್’ ಅಂದು ಪವರ್ ಇಳಿಸಿದರು. 67ಕ್ಕೆ ಬಂತು. ಮೊದಲ ಟ್ಯಾಕ್ಸಿವೇಯಲ್ಲೇ ಹೊರಗೆ ಬಂದೆವು.

ಬಲಗಡೆ_ಸೀಟು:

ಅದನ್ನೂ ಪ್ಯಾಡ್‌ನಲ್ಲಿ ಬರೆದುಕೊಂಡಿರಾ?

ಗಾಳಿಪಟ_ಹಾಸನ:

ಬರೆದೆ ಸರ್. ಈ ಸಲ ಅಕ್ಷರ ನೆಟ್ಟಗೆ ಬಂತು.